ಒಡೆದ ಮಗ್ಗುಲು ಹೊರಗೆ

ಬೆಟಗೇರಿಯಲ್ಲಿ ಪಾರ್ಸಲ್ ಗೋದಾಮು ಎಲ್ಲಿ ಎಂದು ಕೇಳಿದರೆ ಯಾರಾದರೂ ಕೈ ಮಾಡಿ ತೋರಿಸುತ್ತಾರೆ. ಅಲ್ಲಿ ಮಲ್ಲವ್ವ ಸಿಗುತ್ತಾಳೆಯೇ ಎಂದು ಕೇಳಿದರೆ ಮಾತ್ರ ಎತ್ತಿದ ಕೈಯನ್ನು ಇಳಿಸಿ, ಕೇಳಿದವರ ಮುಖವನ್ನೊಮ್ಮೆ ನೋಡಿ, “ಸ್ವಲ್ಪ ನೋಡ್ಕೊಂಡು ಮಾತಾಡ್ರಿ, ಆಕಿ ಸಿಟ್ಟು ಮೂಗಿನ ತುದಿಮ್ಯಾಲ ಇರತೈತಿ” ಎನ್ನುತ್ತಾರೆ. ಇದು ಅರ್ಧ ಸತ್ಯ. ಮಲ್ಲವ್ವನ ಸಿಟ್ಟಿನ ಜಾಗ ಮೂಗಿನ ತುದಿಯಲ್ಲ. ಅದು ಅವಳ ಸೊಂಟದಲ್ಲಿ, ಸೀರೆಯ ಗಂಟಿನೊಳಗೆ, ಕೆಂಪು ದಾರ ಸುತ್ತಿದ ಒಂದು ಕಂಡಿಕೆಯಾಗಿ ಕೂತಿದೆ. ಮಗ್ಗದ ಲಾಳಿಯೊಳಗೆ ಸಿಕ್ಕಿಸುವ ಬೆರಳುದ್ದದ ಆ ಕಡ್ಡಿಯನ್ನು ಕಂಡು ಒಂದು ಕಾಲಕ್ಕೆ ಇಡೀ ಗೋದಾಮು ಬೆವತಿತ್ತು.

ಗೋದಾಮೆಂದರೆ ಮಹಾ ದೊಡ್ಡದೇನಲ್ಲ. ಮೇಲೆ ತಗಡು, ಮುಂದೆ ಲಾರಿಯ ಹಿಂಬದಿಯನ್ನು ತಂದು ಹಚ್ಚುವಷ್ಟು ಎತ್ತರದ ಕಟ್ಟೆ, ಒಳಗಿನ ಗೋಡೆಯ ಮೇಲೆ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಂದು ಬಣ್ಣದಲ್ಲಿ ಬರೆದ ಹೆಸರುಗಳು. ಬೆಳಿಗ್ಗೆ ಹುಬ್ಬಳ್ಳಿಯಿಂದ ದೊಡ್ಡ ಲಾರಿ ಬರುತ್ತದೆ. ಅದರ ಹೊಟ್ಟೆಯಲ್ಲಿದ್ದುದನ್ನೆಲ್ಲ ಇಳಿಸಿ, ಊರೂರಿಗೆ ಬೇರೆ ಮಾಡಿ, ಊಟದ ಹೊತ್ತಿನೊಳಗೆ ಸಣ್ಣ ಗಾಡಿಗಳಿಗೆ ಏರಿಸಬೇಕು. ಫ್ಯಾನು, ಮಿಕ್ಸಿ, ಔಷಧದ ಡಬ್ಬಿ, ಬಟ್ಟೆಯ ಬೇಲು, ಮನೆಯಲ್ಲಿ ಕೂತು ಫೋನಿನ ಮೇಲೆ ಬೆರಳಾಡಿಸಿ ತರಿಸಿಕೊಂಡ ಚಪ್ಪಲಿ. ಈಗ ಜನಕ್ಕೆ ಬೇಕಾದದ್ದೆಲ್ಲ ಯಾರದೋ ಬೆನ್ನ ಮೇಲೆ ಹಾದೇ ಬರುತ್ತದೆ. ಆ ಬೆನ್ನುಗಳಲ್ಲಿ ಒಂದು ಮಲ್ಲವ್ವನದು.

ಅವಳು ಹಮಾಲಿ ಮಾಡುತ್ತೇನೆಂದು ಹುಟ್ಟಿದವಳಲ್ಲ. ನೇಕಾರರ ಮನೆಯ ಮಗಳು, ನೇಕಾರರ ಮನೆಯ ಸೊಸೆ. ಅತ್ತೆ ಹುಚ್ಚವ್ವ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತರೆ ಎದ್ದೇಳುವುದನ್ನೇ ಮರೆಯುವ ಹೆಂಗಸು. ಅವಳ ಪಕ್ಕದಲ್ಲಿ ಕಂಡಿಕೆ ಸುತ್ತುತ್ತ ಸುತ್ತುತ್ತ ಮಲ್ಲವ್ವನೂ ನೇಯುವುದನ್ನು ಕಲಿತಳು. ಆಮೇಲೆ ಕೈಮಗ್ಗದ ಸೀರೆ ಕೇಳುವವರು ಕಡಿಮೆಯಾದರು. ಗಂಡ ಕುಬೇರಪ್ಪ ಬೇರೆಯವರ ವಿದ್ಯುತ್ ಮಗ್ಗಕ್ಕೆ ದುಡಿಯಲು ಹೋದ. ಅತ್ತೆಯ ಕಣ್ಣು ಮಂಜಾದವು, ಮನೆಯ ಮಗ್ಗದ ಕುಣಿಯ ಮೇಲೆ ಹಲಗೆ ಹಾಕಿ ಅದರ ಮೇಲೆ ಅಕ್ಕಿ ಚೀಲ ಇಟ್ಟರು. ಮಲ್ಲವ್ವ ಹರಿದ ಚೀಲ ಹೊಲಿಯುವ ಕೆಲಸಕ್ಕೆ ಗೋದಾಮಿಗೆ ಬಂದಳು. ಹೆಂಗಸರಿಗೆ ಅಲ್ಲಿದ್ದದ್ದು ಅದೊಂದೇ ಕೆಲಸ. ಮೂಲೆಯಲ್ಲಿ ಕೂತು, ದಬ್ಬಣಕ್ಕೆ ಸುತಳಿ ಪೋಣಿಸಿ, ಗಂಡಸರು ಹರಿದದ್ದನ್ನೆಲ್ಲ ಬಾಯಿ ಮುಚ್ಚಿಕೊಂಡು ಹೊಲಿಯುವುದು.

ಒಂದು ದಿನ ಗ್ಯಾಂಗಿನ ಅರ್ಧ ಜನ ಕೋಟುಮಚಗಿಗೆ ಮದುವೆಗೆಂದು ಹೋಗಿಬಿಟ್ಟಿದ್ದರು. ಕಟ್ಟೆಗೆ ಹಚ್ಚಿದ ಲಾರಿ ಹಾರ್ನ್ ಹೊಡೆದೇ ಹೊಡೆಯಿತು. ಮ್ಯಾನೇಜರ್ ಮನೋಹರ ಕಾಲು ಸುಟ್ಟ ಬೆಕ್ಕಿನಂತೆ ಒಳಗೂ ಹೊರಗೂ ಓಡಾಡಿದ. ಮಲ್ಲವ್ವ ದಬ್ಬಣವನ್ನು ಚೀಲಕ್ಕೆ ಚುಚ್ಚಿಟ್ಟು, ಹಳೆಯ ಬಟ್ಟೆಯೊಂದನ್ನು ಸಿಂಬಿ ಮಾಡಿ ತಲೆಯ ಮೇಲಿಟ್ಟುಕೊಂಡು ಕಟ್ಟೆಗೆ ಬಂದು ನಿಂತಳು. ಗ್ಯಾಂಗಿನ ಹಿರಿಯ, ಕುರ್ತಕೋಟಿಯ ಅಂದಾನಪ್ಪ, ಟೈಲ್ಸ್ ಡಬ್ಬಿ ಎತ್ತಿ ಹಿಡಿದವನು ಹಾಗೆಯೇ ನಿಂತ.

“ಯವ್ವಾ, ಇದು ರೊಟ್ಟಿ ಬುಟ್ಟಿ ಅಲ್ಲ.”

“ರೊಟ್ಟಿ ಬುಟ್ಟಿ ಹೊತ್ತ ತಲೀನ ಐತಿ ಇದು. ಏರಸ್ರಿ ಕಾಕಾ.”

ಅಂದಾನಪ್ಪ ಬೇಕೆಂದೇ ಇನ್ನೊಂದು ಡಬ್ಬಿಯನ್ನೂ ಸೇರಿಸಿ ಏರಿಸಿದ. ಅವಳ ಕುತ್ತಿಗೆಯ ನರ ಎದ್ದು ಕಂಡಿತು. ಆದರೂ ಹೋಗಿ ಇಳಿಸಿ, ತಿರುಗಿ ಬಂದು, ಮತ್ತೆ ತಲೆ ಒಡ್ಡಿ ನಿಂತಳು. ಮರುದಿನ ಮನೋಹರ “ಚೀಲ ಹೊಲಿ ಹೋಗ” ಎಂದ. ಅವಳು ಕಿವಿಯ ಮೇಲೆ ಹಾಕಿಕೊಳ್ಳಲೇ ಇಲ್ಲ. ಮೂರನೆಯ ದಿನಕ್ಕೆ ಅವನೂ ಹೇಳುವುದನ್ನು ಬಿಟ್ಟ.

ಆ ಗೋದಾಮಿಗೆ ಒಂದು ಪದ್ಧತಿ ಇತ್ತು. ಎಲ್ಲಿಯೂ ಬರೆದು ಹಚ್ಚಿದ್ದಲ್ಲ, ಆದರೆ ಬರೆದು ಹಚ್ಚಿದ ಎಲ್ಲ ನಿಯಮಗಳಿಗಿಂತ ಗಟ್ಟಿಯಾಗಿ ನಡೆಯುತ್ತಿತ್ತು. ಒಡೆದ, ಜಜ್ಜಿದ, ಹರಿದ ಮಾಲು ಬಂದರೆ ಅದರ ಕೆಟ್ಟ ಮಗ್ಗುಲನ್ನು ಗೋಡೆಯ ಕಡೆ ತಿರುಗಿಸಿ ಇಡಬೇಕು. ಗಾಡಿಗೆ ಏರಿಸುವಾಗಲೂ ಅಷ್ಟೇ, ಒಡಕು ಒಳಗೆ, ಚೆಂದದ ಮುಖ ಹೊರಗೆ. ಊರಿಗೆ ಹೋದ ಮೇಲೆ ಮೊದಲು ಸಹಿ, ಆಮೇಲೆ ಡಬ್ಬಿ. ಸಹಿ ಬಿದ್ದ ಮೇಲೆ ಬಿಚ್ಚಿ ನೋಡಿದವರು ಬಾಯಿ ಬಡಿದುಕೊಂಡು ಫೋನ್ ಮಾಡಿದರೆ ಮನೋಹರನದು ಒಂದೇ ಉತ್ತರ: “ಹಮಾಲರು ಕೆಡವ್ಯಾರ್ರಿ, ಏನ್ಮಾಡೂದು.”

ಗ್ಯಾಂಗಿನ ಗಂಡಸರಿಗೆ ಇದರಿಂದ ಬೇಸರವೇನೂ ಇರಲಿಲ್ಲ. ಅವರ ಕೊಕ್ಕೆಗೆ ಸಿಕ್ಕು ಹರಿದ ಬೇಲುಗಳನ್ನು ಮನೋಹರ ನೋಡಿಯೂ ನೋಡದಂತೆ ಇರುತ್ತಿದ್ದ. ಅವನು ಹೊರಿಸಿದ ಅಪವಾದವನ್ನು ಇವರು ಕೇಳಿಯೂ ಕೇಳದಂತೆ ಇರುತ್ತಿದ್ದರು. ಅಂದಾನಪ್ಪ ಬೀಡಿ ಹಚ್ಚಿಕೊಂಡು ಇದಕ್ಕೊಂದು ವೇದಾಂತವನ್ನೂ ಹೇಳುತ್ತಿದ್ದ. “ಹಮಾಲರು ಅಂದ್ರ ಯಾರು? ಯಾರೂ ಅಲ್ಲ. ಯಾರೂ ಅಲ್ಲದವರ ಮ್ಯಾಲ ಬಿದ್ದ ಮಾತು ಯಾರಿಗೆ ಹತ್ತತೈತಿ?”

ಹೇಳುವವನಿಗೇನು, ಅವನು ಗಂಡಸು, ನಾಲ್ಕು ಜನರ ನಡುವೆ ಕರಗಿಹೋಗುತ್ತಾನೆ. ಗ್ಯಾಂಗಿಗೆ ಒಬ್ಬ ಹೆಂಗಸು ಸೇರಿದ್ದೇ ತಡ, ‘ಹಮಾಲರು’ ಎಂಬ ಮುಖವಿಲ್ಲದ ಮಾತಿಗೆ ಒಂದು ಮುಖ ಸಿಕ್ಕಿಬಿಟ್ಟಿತು. ಇದು ಮಲ್ಲವ್ವನಿಗೆ ಗೊತ್ತಾದದ್ದು ಶಿರಹಟ್ಟಿಯ ಹಸೀನಾಬಿಯ ಅಂಗಡಿಯ ಮುಂದೆ.

ಹಸೀನಾಬಿ ಸಂತೆಯಿಂದ ಸಂತೆಗೆ ಬುಟ್ಟಿ ಹೊತ್ತು ಬಳೆ ಮಾರಿದವಳು. ವಯಸ್ಸು ಇಳಿಯುವ ಹೊತ್ತಿಗೆ ಶಿರಹಟ್ಟಿಯಲ್ಲಿ ಬೀದಿಯ ಕಡೆ ಬಾಗಿಲಿದ್ದ ಒಂದು ಖೋಲಿ ಹಿಡಿದು, ಹುಬ್ಬಳ್ಳಿಯಿಂದ ಗಾಜಿನ ಕಪಾಟು ತರಿಸಿದ್ದಳು. ಆ ಕಪಾಟು ಲಾರಿಯಿಂದ ಇಳಿಯುವಾಗಲೇ ಒಳಗೆ ಗಲಗಲ ಎಂದಿತು. ಮಲ್ಲವ್ವ ಮನೋಹರನನ್ನು ಕರೆದು ಹೇಳಿದಳು. ಅವನು ಬಂದು, ಒಮ್ಮೆ ಅಲುಗಿಸಿ ನೋಡಿ, “ಹುಬ್ಬಳ್ಳಿಯವ್ರು ಒಡದ ಕಳಿಸ್ಯಾರ. ಆ ಮಗ್ಗಲಾ ಒಳಗ ಮಾಡು” ಎಂದು ಹೋದ. ಅವಳು ಮಾಡಿದಳು. ತನ್ನ ಕೈಯಿಂದಲೇ ಮಾಡಿದಳು. ಆ ದಿನ ಡ್ರೈವರ್ ಮಹಾದೇವನ ಜೊತೆ ಇಳಿಸಲು ಹೋಗುವ ಪಾಳಿಯೂ ಅವಳದೇ ಆಗಿತ್ತು.

ಶಿರಹಟ್ಟಿಯಲ್ಲಿ ಓಣಿಯ ಹೆಂಗಸರೆಲ್ಲ ಕಪಾಟು ನೋಡಲು ಕೂಡಿದ್ದರು. ಹಸೀನಾಬಿ ಕೈ ಒರೆಸಿಕೊಂಡು ಸಹಿ ಮಾಡಿದಳು, ದೇವರ ಹೆಸರು ಹೇಳಿ ಹೊದಿಕೆ ಬಿಚ್ಚಿದಳು. ಎದುರಿನ ಗಾಜಿಗೆ ಮೂಲೆಯಿಂದ ಮೂಲೆಗೆ ಸೀಳು. ಒಳಗಿನ ಹಲಗೆಯ ಗಾಜು ಪುಡಿ. ಹೆಂಗಸರ ನಗು ಹಾಗೆಯೇ ನಿಂತಿತು. ಹಸೀನಾಬಿ ಅಲ್ಲೇ ಗೋದಾಮಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಇಟ್ಟಳು. ಮನೋಹರನ ದನಿ ಬಂತು: “ನಮ್ಮ ಕಡೆ ಒಬ್ಬಾಕಿ ಹೆಣ್ಮಗಳು ಲೋಡಿಂಗ್ ಮಾಡ್ತಾಳ್ರಿ. ಆಕಿ ಕೈಬಿಟ್ಟಾಳ. ನಾವೇನ್ ಮಾಡೂನು?”

ಹೆಂಗಸರೆಲ್ಲ ಮಲ್ಲವ್ವನ ಕಡೆ ತಿರುಗಿದರು.

“ಖರೇ ಏನ ಅಕ್ಕಾ?” ಎಂದಳು ಹಸೀನಾಬಿ. ಸಿಟ್ಟಿನಿಂದಲ್ಲ, ಸುಮ್ಮನೆ ಕೇಳಿದಳು.

“ನಾ ಕೆಡವಿಲ್ಲವಾ. ಒಡದ ಬಂದಿತ್ತು.”

“ಒಡದ ಬಂದಿದ್ದು ನಿನಗ ಗೊತ್ತಿತ್ತು?”

ಮಲ್ಲವ್ವ ಹೌದೆಂದಳು.

“ಗೊತ್ತಿದ್ದರ ನಾ ಸಹಿ ಮಾಡೂ ಮುಂದ ಬಾಜೂಕ ನಿಂತಿದ್ಯಲ್ಲ, ಯಾಕ ಹೇಳಲಿಲ್ಲ?”

ಮನೋಹರ ಹೊರಿಸಿದ ಸುಳ್ಳಿಗೆ ಮಲ್ಲವ್ವನ ಹತ್ತಿರ ಉತ್ತರವಿತ್ತು. ಹಸೀನಾಬಿಯ ಈ ಪ್ರಶ್ನೆಗೆ ಇರಲಿಲ್ಲ. ಗಾಡಿಯಲ್ಲಿ ವಾಪಸು ಬರುವಾಗ ಮಹಾದೇವ ಏನೇನೋ ಸಮಾಧಾನ ಹೇಳಿದ. ಅವಳಿಗೆ ನಾಚಿಕೆಯಿಂದ ಕಿವಿ ಉರಿಯುತ್ತಿತ್ತು, ಒಂದೂ ಕೇಳಿಸಲಿಲ್ಲ.

ಮನೆಗೆ ಬಂದು ರೊಟ್ಟಿ ಬಡಿಯುತ್ತ ಅದನ್ನೆಲ್ಲ ಅತ್ತೆಯ ಮುಂದೆ ಹೇಳಿದಳು. ರೊಟ್ಟಿಗೆ ಬಿದ್ದ ಏಟಿನಲ್ಲೇ ಅರ್ಧ ಕಥೆ ತಿಳಿಯುತ್ತಿತ್ತು. ಹುಚ್ಚವ್ವ ಮಂಜುಗಣ್ಣನ್ನು ಸೊಸೆಯ ಕಡೆ ತಿರುಗಿಸಿ ಕೇಳಿದಳು.

“ನಮ್ಮ ಮನ್ಯಾಗ ಸೀರಿ ನೇಯೂ ಮುಂದ ಎಳಿ ಹರದು ಹುಸಿ ಬಿದ್ದರ ಏನ್ ಮಾಡತಿದ್ವಿ?”

“ಅಂಚಿಗೆ ಕೆಂಪ ದಾರ ಕಟ್ಟತಿದ್ವಿ.”

“ಯಾಕ?”

“ತಗೊಳ್ಳಾವರಿಗೆ ಕಾಣ್ಲಿ ಅಂತ.”

“ಓಣ್ಯಾಗ ಉಳಿದ ಮಂದಿ ಅದನ್ನ ಮಡಿಕ್ಯಾಗ ಮುಚ್ಚಿ ಕೊಡತಿದ್ರು. ಸೀರಿ ತಗೊಳ್ಳೂ ಸಾವಕಾರ ಆ ಮಂದೀದು ಒಂದೊಂದು ಸೀರೀನೂ ಬಿಚ್ಚಿ, ಬೆಳಕಿಗೆ ಹಿಡದು ನೋಡಾಂವ. ನಮ್ಮನ್ನ ಮೊದಮೊದಲು ಬೈದ. ಆಮ್ಯಾಲ ನಮ್ಮ ಸೀರಿ ಬಿಚ್ಚೋದನ್ನ ಬಿಟ್ಟಬಿಟ್ಟ.” ಮುದುಕಿ ತಡೆದು, ಗೋಡೆಗೆ ಆನಿಕೊಂಡಳು. “ದಾರ ಕಟ್ಟೂ ಕೈ ನಿನ್ನದೂ ಇತ್ತಲ್ಲ. ಗೋದಾಮಿಗೆ ಹೋದ ಮ್ಯಾಲ ಎಲ್ಲಿ ಹೋತದು?”

ಮರುದಿನ ಬೆಳಿಗ್ಗೆ ಮಲ್ಲವ್ವ ಅಟ್ಟದ ಮೇಲಿನ ಬುಟ್ಟಿಯಿಂದ ಕೆಂಪು ದಾರದ ಕಂಡಿಕೆ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು ಕೆಲಸಕ್ಕೆ ಹೋದಳು. ಲಾರಿಯ ಬಾಗಿಲು ತೆಗೆದ ಕೂಡಲೇ ತಾನೇ ಮೊದಲು ಹತ್ತಿದಳು. ಮೂಲೆ ಜಜ್ಜಿದ ಮಿಕ್ಸಿ ಡಬ್ಬಿಗೆ, ತೇವ ಹಿಡಿದ ಬಟ್ಟೆಯ ಬೇಲಿಗೆ, ಒಳಗೆ ಗಲಗಲ ಎನ್ನುವ ಪ್ರತಿಯೊಂದಕ್ಕೂ, ಲಾರಿಯಿಂದ ಕೆಳಗಿಳಿಯುವ ಮೊದಲೇ ಒಂದೊಂದು ಕೆಂಪು ದಾರ. ಇಳಿಸಿದ ಮೇಲೆ ಆ ಮಗ್ಗುಲನ್ನೇ ಹೊರಗೆ ಮಾಡಿ ಇಟ್ಟಳು.

ಮೊದಲ ದಿನ ಮನೋಹರನಿಗೆ ಇದೊಂದು ತಮಾಷೆ. “ಏನವಾ ಮಲ್ಲವ್ವ, ಡಬ್ಬಿಗೂ ಉಡಿ ತುಂಬಾಕತ್ತೀ ಏನು?” ಎಂದು ನಕ್ಕ. ನಗು ವಾರವೂ ಉಳಿಯಲಿಲ್ಲ. ಮಹಾದೇವ ಬಾಯಿ ಸಡಿಲಿನ ಮನುಷ್ಯ. ದಾರ ಯಾಕೆ ಎಂದು ಯಾರು ಕೇಳಿದರೂ ಸಣ್ಣದನ್ನು ದೊಡ್ಡದು ಮಾಡಿ ಹೇಳುತ್ತಿದ್ದ. ಲಕ್ಷ್ಮೇಶ್ವರದ ಪಾತ್ರೆ ಅಂಗಡಿಯವರು, ಮುಂಡರಗಿಯ ಬಟ್ಟೆ ಅಂಗಡಿಯವರು, ಕೆಂಪು ದಾರ ಕಂಡರೆ ಸಾಕು, ಪೆನ್ನು ಮುಚ್ಚಿಟ್ಟು “ಮೊದಲು ಬಿಚ್ಚಪಾ, ಆಮ್ಯಾಲ ಸಹಿ” ಎನ್ನತೊಡಗಿದರು. ಒಡೆದ ಮಾಲು ಒಂದೊಂದಾಗಿ ಬಂದ ದಾರಿಗೇ ತಿರುಗಿತು. ಹುಬ್ಬಳ್ಳಿಯ ದೊಡ್ಡ ಆಫೀಸಿನವರು ಮನೋಹರನಿಗೆ ಫೋನ್ ಮಾಡಿ, ಇಷ್ಟು ದಿನ ಇಲ್ಲದ ಒಡಕು ಈಗ ಎಲ್ಲಿಂದ ಹುಟ್ಟಿತು ಎಂದು ಕೇಳಿದರು. ಅವನ ಮುಖ ಹರಳೆಣ್ಣೆ ಕುಡಿದಂತಾಯಿತು. ಜೇಬಿನಲ್ಲಿ ಬ್ಲೇಡು ಇಟ್ಟುಕೊಂಡು, ಕಂಡ ಕಂಡ ದಾರವನ್ನು ಕತ್ತರಿಸುತ್ತ ಹೋದ. ಅವಳು ಹಿಂದಿನಿಂದ ಬಂದು ಮತ್ತೆ ಕಟ್ಟುತ್ತ ಹೋದಳು. ಅವನ ಬ್ಲೇಡು ಮೊಂಡಾಯಿತೇ ಹೊರತು ಅವಳ ಕಂಡಿಕೆ ಬರಿದಾಗಲಿಲ್ಲ.

ಮನೋಹರನ ಸಿಟ್ಟು ಅವಳಿಗೆ ತಾಗಲಿಲ್ಲ. ತಾಗಿದ್ದು ಅಂದಾನಪ್ಪನ ಮಾತು. ಒಂದು ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿನಲ್ಲಿ ಅವನು ಎಲ್ಲರ ಎದುರೇ ಕೇಳಿದ.

“ಮಲ್ಲವ್ವಾ, ನಿನ್ನ ದಾರ ನಮ್ಮ ಕುತ್ತಿಗಿಗೆ ಬಂದೈತಿ. ಕೆಂಪ ದಾರ ಇಲ್ಲದ ಮಾಲು ಒಡದರ ಅದು ನಾವ ಒಡದದ್ದು ಅಂತ ಆಗತೈತಿ. ತಿಳೀತೇನು?”

“ಒಡದಿದ್ದರ ಹೌದು ಅನ್ರಿ ಕಾಕಾ. ಒಡದಿಲ್ಲಂದ್ರ ಅಂಜಿಕಿ ಯಾಕ?”

“ಅಷ್ಟು ಸುಲಭ ಐತೇನು? ನಾಳಿ ನೀನ ಕೆಡವಿದಿ ಅಂತ ತಿಳಕೊ. ಸೊಂಟದಾಗ ದಾರ ಐತಿ. ಒಂದ ಗಂಟ ಹಾಕಿದ್ರ ಮುಗೀತು, ತಪ್ಪು ಹುಬ್ಬಳ್ಳಿಯವರದು. ನಿನ್ನ ದಾರ ಖರೇ ಹೇಳತೈತಿ ಅಂತ ನಾವ್ಯಾಕ ನಂಬಬೇಕು?”

ಮಲ್ಲವ್ವನಿಗೆ ಮೈಯೆಲ್ಲ ಬೆಂಕಿ ಹತ್ತಿತು. “ನಾ ಕೆಡವಿದ್ರ ನಂದ ಅಂತೀನಿ!”

ಅಂದಾನಪ್ಪ ರೊಟ್ಟಿ ಮುರಿದು ಪಲ್ಯಕ್ಕೆ ಅದ್ದಿದ. “ಎಲ್ಲಾರೂ ಹಂಗ ಅಂತಾರವಾ. ಮಾಲು ಬೀಳೂತನಕ.”

ಉಳಿದವರು ನಕ್ಕರು. ಅವಳು ಬುತ್ತಿಯನ್ನು ಹಾಗೆಯೇ ಕಟ್ಟಿಟ್ಟು ಎದ್ದುಹೋದಳು. ಸಿಟ್ಟು ಬಂದದ್ದು ಅವನು ಸುಳ್ಳು ಹೇಳಿದ್ದಕ್ಕಲ್ಲ. ಅವನ ಮಾತಿನಲ್ಲಿ ಹುರುಳಿತ್ತು, ಅದಕ್ಕೆ.

ಅದೇ ಸಂಜೆ ಮನೋಹರ ಅವಳನ್ನು ತನ್ನ ಖೋಲಿಗೆ ಕರೆದ. ಕೂಗಾಡಲಿಲ್ಲ. ಕೂಗಾಡದೆ ಇದ್ದಾಗಲೇ ಅವನು ಹೆಚ್ಚು ಕೆಟ್ಟವನು.

“ನೋಡು, ನಾ ಹೇಳೂದು ಇಷ್ಟ. ದಾರ ಬಿಡು, ಇಲ್ಲಾ ಗೋದಾಮ ಬಿಡು. ನಾಳಿಂದ ಒಂದ ಎಳಿ ಕೆಂಪ ಕಂಡಿತು ಅಂದ್ರ ನೀ ಗೇಟಿನ ಹೊರಗ.”

ಕುಬೇರಪ್ಪ ದುಡಿಯುತ್ತಿದ್ದ ಮಗ್ಗಗಳು ಆಗ ವಾರದಲ್ಲಿ ಮೂರು ನಾಲ್ಕು ದಿನ ನಿಂತೇ ಇರುತ್ತಿದ್ದವು. ಮಗಳು ಪ್ರಿಯಾ ಗದಗದಲ್ಲಿ ನರ್ಸಿಂಗ್ ಓದುತ್ತಿದ್ದಳು. ಮನೆ ನಿಂತದ್ದು ಮಲ್ಲವ್ವನ ಬೆನ್ನಿನ ಮೇಲೆ ಎಂಬುದು ಮನೋಹರನಿಗೂ ಗೊತ್ತಿತ್ತು, ಅದಕ್ಕೇ ಅಷ್ಟು ನೆಮ್ಮದಿಯಿಂದ ಹೇಳಿದ. ಕುಬೇರಪ್ಪ ಒಳ್ಳೆಯವನು, ಮೆತ್ತನೆಯ ಮನುಷ್ಯ. “ಬಿಟ್ಟಬಿಡ ಮಾರಾಯ್ತಿ. ದಾರ ಕಟ್ಟಿ ನಾವೇನು ಊರು ಉದ್ಧಾರ ಮಾಡಬೇಕಾಗೇತೇನು?” ಎಂದ. ಅವಳು ಕಂಡಿಕೆಯಲ್ಲಿ ದಾರ ಎಷ್ಟು ಉಳಿದಿದೆ ನೋಡಿ, ಇನ್ನಷ್ಟು ಸುತ್ತಿಕೊಂಡಳು.

ಬೆಳಿಗ್ಗೆ ಲಾರಿ ಬಂತು. ಮೊದಲು ಕೈಗೆ ಸಿಕ್ಕದ್ದೇ ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿಗಳ ಕಟ್ಟು. ಮಲ್ಲವ್ವ ಮನೋಹರನ ಮುಖವನ್ನೇ ನೋಡುತ್ತ, ಎರಡೆರಡು ಗಂಟು ಹಾಕಿ ಕೆಂಪು ದಾರ ಕಟ್ಟಿದಳು. 

“ಗಾಡಿ ಹೋಗ್ಲಿ. ಆಮ್ಯಾಲ ನಿನ್ನ ನೋಡ್ಕೋತೀನಿ,” ಎಂದ ಮನೋಹರ. ಕೈಯಾಳು ಕಡಿಮೆಯಿದ್ದ ದಿನ. ಗಾಡಿ ತುಂಬುವ ತನಕ ಅವಳ ಬೆನ್ನು ಬೇಕಾಗಿತ್ತು.

ಚಹಾದ ಹೊತ್ತಿಗೆ ಗಂಡಸರೆಲ್ಲ ಎದುರಿನ ಅಂಗಡಿಗೆ ಹೋದರು. ಮಲ್ಲವ್ವ ಹೋಗಲಿಲ್ಲ. ಯಾರ ಮುಖವೂ ಬೇಡವಾಗಿತ್ತು. ಲಕ್ಷ್ಮೇಶ್ವರದ ಗಾಡಿಗೆ ಉಳಿದಿದ್ದ ಡಬ್ಬಿಗಳಲ್ಲಿ ಒಂದನ್ನು ಒಬ್ಬಳೇ ಎತ್ತಿ ತಲೆಯ ಮೇಲಿಟ್ಟುಕೊಂಡಳು. ಉಪ್ಪಿನಕಾಯಿ ಭರಣಿಗಳ ಡಬ್ಬಿ ಅದು, ಪಿಂಗಾಣಿಯದು. ಇನ್ನೊಬ್ಬರು ಕೈ ಹಚ್ಚಿ ಏರಿಸಬೇಕಾದದ್ದು. ಸಿಟ್ಟಿನಲ್ಲಿದ್ದವಳಿಗೆ ಯಾರನ್ನೂ ಕರೆಯುವುದು ಬೇಕಿರಲಿಲ್ಲ. ಕಟ್ಟೆಯ ಅಂಚಿಗೆ ಬಂದಾಗ ಸಿಂಬಿ ಜಾರಿತು. ಅವಳ ಕೈ ಗಾಳಿಯನ್ನು ಹಿಡಿಯಿತು, ಡಬ್ಬಿ ನೆಲ ಹಿಡಿಯಿತು.

ಒಳಗೆ ಭರಣಿ ಒಡೆದ ಸದ್ದು ಅವಳ ಎದೆಯೊಳಗೇ ಆದಂತಾಯಿತು.

ಸುತ್ತ ನೋಡಿದಳು. ಯಾರೂ ಇಲ್ಲ. ಮನೋಹರ ಖೋಲಿಯೊಳಗೆ ಫೋನಿನಲ್ಲಿ ಯಾರಿಗೋ ಜೋರು ಮಾಡುತ್ತಿದ್ದ, ಅವನಿಗೆ ಕೇಳಿಸಿಲ್ಲ. ಡಬ್ಬಿಯ ಒಂದು ಮೂಲೆ ಮಾತ್ರ ಜಜ್ಜಿದೆ. ದಿನವೂ ಹುಬ್ಬಳ್ಳಿಯಿಂದ ಬರುವ ಒಡಕು ಮಾಲಿನ ಮೂಲೆ ಹೇಗಿರುತ್ತದೆಯೋ ಹಾಗೆಯೇ. ಬೆಳಿಗ್ಗೆ ಇದಕ್ಕೆ ದಾರ ಕಟ್ಟಿದ್ದಳೋ ಇಲ್ಲವೋ ಎಂದು ಯಾರ ನೆನಪಿನಲ್ಲಿರುತ್ತದೆ? ಅವಳ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಕಂಡಿಕೆ ಹೊರಗೆ ಬಂತು, ಕೆಂಪು ಎಳೆ ಬಿಚ್ಚಿಕೊಂಡಿತು, ಡಬ್ಬಿಯ ಪಟ್ಟಿಯ ಕೆಳಗೆ ತೂರಿತು. ಒಂದು ಗಂಟು ಹಾಕಿದರೆ ಮುಗಿಯಿತು.

ಆಗ ಅಂದಾನಪ್ಪನ ಮಾತು ನೆನಪಾಯಿತು. ಅವಳಿಗೆ ಹೆದರಿಕೆಯಾಯಿತು. ಮನೋಹರನ ಹೆದರಿಕೆಯಲ್ಲ, ತನ್ನ ಕೈಯದೇ ಹೆದರಿಕೆ. ಈ ಒಂದು ಗಂಟು ಬಿದ್ದರೆ ಇಷ್ಟು ದಿನ ಕಟ್ಟಿದ ಎಲ್ಲ ಗಂಟುಗಳೂ ಸುಳ್ಳಾಗುತ್ತವೆ. ಶಿರಹಟ್ಟಿಯ ಹಸೀನಾಬಿಯ ಎದುರು ಮತ್ತೊಮ್ಮೆ ಬಾಯಿ ಮುಚ್ಚಿಕೊಂಡು ನಿಂತಂತೆ. ಕಟ್ಟದೇ ಸುಮ್ಮನಿದ್ದರೂ ಅದೇ ಪಾಪ. ಎಲ್ಲರೆದುರು ‘ನಂದು’ ಎಂದರೋ, ಮನೋಹರನ ಕೈಗೆ ತಾನೇ ಕೋಲು ಕೊಟ್ಟಂತೆ.

“ಕೊಟ್ಟರ ಕೊಟ್ಟೆ” ಎಂದಳು, ಯಾರೂ ಇಲ್ಲದ ಗೋದಾಮಿಗೆ.

ಕೆಂಪು ಎಳೆಯನ್ನು ಎಳೆದು ಮತ್ತೆ ಸುತ್ತಿಟ್ಟಳು. ಬೇರೆ ದಾರ ಬೇಕಿತ್ತು. ಸುತ್ತ ಇದ್ದದ್ದೆಲ್ಲ ಚೀಲದ ಬಣ್ಣದ ಸುತಳಿ, ಅದು ಎಲ್ಲ ಮಾಲಿಗೂ ಇರುತ್ತದೆ. ಕೈ ಹಿಂದೆ ಮಾಡಿ ತುರುಬಿಗೆ ಬಿಗಿದಿದ್ದ ಕರಿ ದಾರವನ್ನು ಎಳೆದಳು. ಕೂದಲು ಬೆನ್ನ ತುಂಬ ಬಿತ್ತು. ದಾರದ ಒಂದು ತುಂಡನ್ನು ಹಲ್ಲಿನಿಂದ ಕಡಿದು ಜಜ್ಜಿದ ಮೂಲೆಗೆ ಬಿಗಿಯಾಗಿ ಕಟ್ಟಿದಳು. ಡಬ್ಬಿಯನ್ನು ಎಳೆದು ತಂದು ಕಟ್ಟೆಯ ನಡುವೆ, ಒಡೆದ ಮಗ್ಗುಲು ಎಲ್ಲರಿಗೂ ಕಾಣುವಂತೆ ಇಟ್ಟಳು. ಆಮೇಲೆ ಕೂಗಿದಳು. ಆ ಕೂಗಿಗೆ ಚಹಾದಂಗಡಿಯವನೂ ಹೊರಗೆ ಬಂದು ನೋಡಿದ.

ಗಂಡಸರು ಲೋಟ ಬಿಟ್ಟು ಓಡಿಬಂದರು. ಮನೋಹರ ಫೋನ್ ಹಿಡಿದುಕೊಂಡೇ ಬಂದ. ಬಿಚ್ಚುಗೂದಲಿನಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತವಳನ್ನು ಕಂಡು ಎಲ್ಲರೂ ಡಬ್ಬಿಯ ಸುತ್ತ ನೆರೆದರು.

“ಇದು ನನ್ನ ಕೈಯಾಗಿಂದು ಬಿತ್ತು,” ಎಂದಳು ಮಲ್ಲವ್ವ. “ಹುಬ್ಬಳ್ಳಿಯವರು ಒಡದಿಲ್ಲ, ರಸ್ತೆ ಒಡದಿಲ್ಲ. ನಾ ಒಡದೀನಿ. ಅದಕ ಕರೀ ದಾರ ಕಟ್ಟೀನಿ. ಕೆಂಪು ಬ್ಯಾರೆ, ಕರಿ ಬ್ಯಾರೆ. ಎಲ್ಲಾರೂ ನೋಡ್ರಿ.”

ಮನೋಹರನ ಮುಖ ಅರಳಿತು. “ಅದನ್ನ ನಾ ಮೊದಲಿಂದ ಹೇಳಾಕತ್ತಿದ್ದೆ! ಈಕಿ ಕೆಡವತಾಳ, ಈಕಿ ಕೆಡವತಾಳ ಅಂತ. ಈಗ ಬಾಯಿಲೆ ಒಪ್ಪಿದಿಲ್ಲೋ? ನಡಿ, ಗೇಟಿನ ಹೊರಗ ನಡಿ!”

“ನಡೀತೀನಿ ಸಾಹೇಬ್ರ. ಆದ್ರ ಒಂದ ಮಾತು ಕೇಳಿ ಕಳಿಸ್ರಿ.” ಅವಳ ದನಿ ಏರಲಿಲ್ಲ, ನಡುಗಲೂ ಇಲ್ಲ. “ನಾ ಕೆಡವಿದ್ದು ಇದು ಅಂತ ಇವತ್ತು ನನ್ನ ಮಾತು ನಂಬಿದ್ರಿ. ಹಂಗಾದ್ರ ಕೆಂಪ ದಾರ ಕಟ್ಟಿದ್ದು ಯಾವುದೂ ನಾ ಕೆಡವಿಲ್ಲ ಅಂತ ನಂಬಬೇಕಾಗತೈತಿ. ನನ್ನ ಬಾಯಿ ಒಂದ ಐತಿ. ಅರ್ಧಾ ಮಾತು ಖರೇ, ಅರ್ಧಾ ಸುಳ್ಳು ಅಂತ ಹರದು ಹಂಚಾಕ ಬರೂದಿಲ್ಲ. ಶಿರಹಟ್ಟಿ ಹಸೀನಾಬಿಗೆ ಫೋನ್ ಹಚ್ರಿ. ಕಪಾಟು ಮಲ್ಲವ್ವ ಕೆಡವಿಲ್ಲ, ಒಡದ ಬಂದಿತ್ತು ಅಂತ ಹೇಳ್ರಿ. ಆಮ್ಯಾಲ ನಾ ಹೋಗತೀನಿ.”

ಮನೋಹರ ಕೈಯಲ್ಲಿದ್ದ ಫೋನನ್ನು ಜೇಬಿಗೆ ಹಾಕಿಕೊಂಡ. 

ಆಗ ಅಂದಾನಪ್ಪ ಗುಂಪಿನಿಂದ ಹೊರಬಂದ. ಯಾರನ್ನೂ ನೋಡದೆ ಮುಂಡರಗಿ ಎಂದು ಬರೆದ ಗೋಡೆಯ ಹತ್ತಿರ ಹೋಗಿ, ಅಲ್ಲಿದ್ದ ಒಂದು ಬಟ್ಟೆಯ ಬೇಲಿಗೆ ಎರಡೂ ಕೈ ಹಾಕಿ ಎಳೆದ. ಬೇಲು ಗರಗರನೆ ತಿರುಗಿ ಈ ಕಡೆ ಮುಖ ಮಾಡಿತು. ಗೋಡೆಗೆ ಆನಿಸಿದ್ದ ಮಗ್ಗುಲಿನಲ್ಲಿ ಕೊಕ್ಕೆ ಸಿಕ್ಕು ಹರಿದ ಗೇಣುದ್ದದ ಸೀಳು, ಅದರೊಳಗಿನಿಂದ ನೀಲಿ ಬಟ್ಟೆಯೂ ಹರಿದು ಇಣುಕುತ್ತಿತ್ತು. ಬೆಳಿಗ್ಗೆ ಅದನ್ನು ಹೊತ್ತು ತಂದವನು ಅವನೇ. ಸೊಂಟದ ಕೊಕ್ಕೆಯನ್ನು ತೆಗೆದು ಬೇಲಿನ ಮೇಲಿಟ್ಟು, ಮಲ್ಲವ್ವನ ಕಡೆ ಕೈ ಚಾಚಿದ.

“ಕರೀ ದಾರ ಇನ್ನೊಂದೀಟು ಐತೇನವಾ?”

ಅಷ್ಟು ಹೊತ್ತು ಗಟ್ಟಿಯಾಗಿ ನಿಂತಿದ್ದ ಮಲ್ಲವ್ವನಿಗೆ ಆ ಮಾತಿಗೆ ಕಣ್ಣು ತುಂಬಿ ಬಂತು. ಉಳಿದ ದಾರವನ್ನೆಲ್ಲ ಅವನ ಅಂಗೈಯ ಮೇಲೆ ಹಾಕಿದಳು. ಅಂದಾನಪ್ಪನಿಗೆ ಗಂಟು ಹಾಕಲು ಬರುತ್ತಿರಲಿಲ್ಲ, ಬೆರಳು ದಪ್ಪ. ಹಾಗೂ ಹೀಗೂ ಸುತ್ತಿ ಸಿಕ್ಕಿಸಿದ.

“ನಿನಗೂ ತಲಿ ಕೆಟ್ಟತೇನೋ? ಇಬ್ರೂ ಹೊರಗ ನಡೀರಿ!” ಎಂದು ಮನೋಹರ ಅರಚಿದ.

“ಆತ್ರೀ,” ಎಂದ ಅಂದಾನಪ್ಪ. “ಗಾಡಿ ನೀವ ತುಂಬ್ರಿ.”

ಹೊರಗೆ ಮಹಾದೇವ, ಬೇಕೆಂದೇ ಇರಬೇಕು, ಉದ್ದಕ್ಕೆ ಹಾರ್ನ್ ಹೊಡೆದ. ಮನೋಹರ ಕಟ್ಟೆಯ ಮೇಲಿದ್ದ ಮಾಲನ್ನು ನೋಡಿದ, ಗ್ಯಾಂಗಿನ ಉಳಿದವರನ್ನು ನೋಡಿದ. ಅವರಲ್ಲಿ ಒಬ್ಬರೂ ಕೈ ಕಟ್ಟಿದ್ದನ್ನು ಬಿಚ್ಚಲಿಲ್ಲ. ತನ್ನ ಇಸ್ತ್ರಿ ಅಂಗಿಯನ್ನೂ ಒಮ್ಮೆ ನೋಡಿಕೊಂಡ. ಆಮೇಲೆ ಖೋಲಿಯೊಳಗೆ ಹೋಗಿ ಬಾಗಿಲು ಹಾಕಿಕೊಂಡ. ಗೇಟಿನ ಮಾತನ್ನು ಅವನು ಅಂದೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ. ಹಸೀನಾಬಿಗೆ ಫೋನ್ ಮಾತ್ರ ಅವನು ಮಾಡಲಿಲ್ಲ. ಅದನ್ನು ಮಹಾದೇವನ ಫೋನಿನಿಂದ ಅಂದಾನಪ್ಪ ಮಾಡಿದ.

ಕೆಲಸ ಮತ್ತೆ ಶುರುವಾಯಿತು. ಬೆನ್ನಿಗೆ ಬಿದ್ದ ಕೂದಲು ಅಡ್ಡ ಬರುತ್ತಿತ್ತು. ಕರಿ ದಾರ ಪೂರ್ತಿ ಖರ್ಚಾಗಿತ್ತು. ಮಲ್ಲವ್ವ ಸೊಂಟದ ಕಂಡಿಕೆಯಿಂದ ಕೆಂಪು ದಾರ ಎಳೆದು ತುರುಬು ಬಿಗಿದುಕೊಂಡಳು. ಅಂದಾನಪ್ಪ ಅದನ್ನು ನೋಡಿ ಹಲ್ಲು ಬಿಟ್ಟ.

“ಏನವಾ, ನೀನೂ ಹುಬ್ಬಳ್ಳಿಯಿಂದ ಒಡದ ಬಂದ ಮಾಲೇನು?”

“ಒಡದಿಲ್ಲ ಕಾಕಾ. ಒಡದಿದ್ರ ಆ ಮಗ್ಗಲಾ ನಿಮ್ಮ ಕಡೆ ಮಾಡಿ ನಿಂತಿರತಿದ್ದೆ. ಏರಸ್ರಿ.”

ಅವನು ಭರಣಿಯ ಇನ್ನೊಂದು ಡಬ್ಬಿಯನ್ನು ಎತ್ತಿ ಏರಿಸಿದ. ಈ ಬಾರಿ ಅದು ತಲೆಯ ಮೇಲೆ ಸರಿಯಾಗಿ ಕೂರುವ ತನಕ ಕೈ ಬಿಡಲಿಲ್ಲ.